ಬರೆದರು, ಹಾಡಿದರು, ಹಾಡುವವರನ್ನು ಬೆಳೆಸಿದರು

ಬನಶಂಕರಿ ದಾಟಿ ಉತ್ತರಹಳ್ಳಿಯ ಕಡೆ ಬಂದರೆ ಅಡ್ಡರಸ್ತೆಗಳಲ್ಲಿ ಸಂಗೀತ ಶಾಲೆಗಳ ಬೋರ್ಡುಗಳಿಗೆ ಬರವಿಲ್ಲ. ಹೆಚ್ಚಿನ ಕಡೆ ಕರ್ನಾಟಕ ಸಂಗೀತ. ಸಂಜೆಯಾದರೆ ಸರಳೆ ವರಸೆ, ಜಂಟಿ ವರಸೆ ಕೇಳುತ್ತದೆ. ಆದರೆ ಗದಗ, ಹಾವೇರಿ, ಕೊಪ್ಪಳ, ರಾಯಚೂರು ಕಡೆಯಿಂದ ಕೆಲಸಕ್ಕೆಂದು ಬಂದು ಈ ಬಡಾವಣೆಗಳಲ್ಲಿ ಮನೆ ಮಾಡಿಕೊಂಡವರಲ್ಲಿ ಮಕ್ಕಳನ್ನು ಹಾರ್ಮೋನಿಯಂ, ತಬಲಾ ಪಾಠಕ್ಕೆ ಸೇರಿಸುವವರೂ ಇದ್ದಾರೆ. ಅಂಥ ಮನೆಗಳಲ್ಲಿ ‘ಗದಗಿನ ಅಜ್ಜಾರು’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನ ಉಳಿದ ಮನೆಗಳಲ್ಲಿ ಸ್ವಲ್ಪ ಹೇಳಬೇಕಾಗುತ್ತದೆ.

ಪಂಡಿತ ಪುಟ್ಟರಾಜ ಕವಿ ಗವಾಯಿಗಳು 1914ರ ಮಾರ್ಚ್ 3ರಂದು ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದರು. 2010ರ ಸೆಪ್ಟೆಂಬರ್ 17ರಂದು ಗದಗಿನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಅದೇ ವರ್ಷ ಕೇಂದ್ರ ಸರ್ಕಾರ ಪದ್ಮಭೂಷಣ ಕೊಟ್ಟಿತ್ತು. ಕಣ್ಣು ಕಾಣದ ಒಬ್ಬರು ದೊಡ್ಡ ಸಂಗೀತಗಾರರಾದರು, ಅಂಧ ಮಕ್ಕಳಿಗೆ ಆಶ್ರಯ ಕೊಟ್ಟರು, ಜನ ಅವರನ್ನು ನಡೆದಾಡುವ ದೇವರೆಂದು ಕಂಡರು: ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಅವರ ಕಥೆ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಭಕ್ತಿಯ ಈ ಚಿತ್ರದ ಹಿಂದೆ ಅವರ ವೃತ್ತಿಜೀವನದ ಜಾಣ ಕಟ್ಟೋಣ ಮರೆಯಾಗಿಬಿಡುತ್ತದೆ. ದೇವರ ಮುಂದೆ ಹಾಡುವುದಕ್ಕೆ ಸಾಹಿತ್ಯ ಬೇಕು, ಹಾಡುವ ಜನ ಬೇಕು, ಹಾಡಿದವರ ಹೊಟ್ಟೆ ತುಂಬಿಸುವ ವೇದಿಕೆಯೂ ಬೇಕು. ಈ ಮೂರನ್ನೂ ಒಬ್ಬರೇ ನೋಡಿಕೊಂಡ ಉದಾಹರಣೆ ಕನ್ನಡ ನಾಡಿನಲ್ಲಿ ಅಪರೂಪ.

ಕಥೆ ಅವರ ಗುರುವಿನಿಂದಲೇ ಶುರುವಾಗಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರುವರಿ 2ರಂದು ಹುಟ್ಟಿದ ಗದಿಗೆಯ್ಯ ಹುಟ್ಟುಗುರುಡ. ಅಣ್ಣನಿಗೂ ಕಣ್ಣಿರಲಿಲ್ಲ. ಬಡ ಜಂಗಮರ ಮನೆ. ಎರಡು ಮಕ್ಕಳೂ ಕಂಠ ಒಂದನ್ನೇ ನಂಬಿಕೊಂಡು ಬೆಳೆದವು. ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಈ ಕಂಠ ಬಿತ್ತು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಕಟ್ಟಿದ ಸ್ವಾಮಿಗಳು ಇವರು. ಮಠಗಳಿಗೆ ಓದಿದ ಸ್ವಾಮಿಗಳು ಬೇಕು ಎಂದು ಹಟ ಹಿಡಿದವರು, ಹಾಡುವವರಿಗೂ ಸರಿಯಾದ ಶಿಕ್ಷಣ ಬೇಕು ಎಂದು ಕಂಡುಕೊಂಡದ್ದು ಸಹಜವೇ. ಗದಿಗೆಯ್ಯನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಹಿಂದೂಸ್ತಾನಿ ಸಂಗೀತ ಮಿರಜ್‌ನ ನೀಲಕಂಠಬುವಾ ಅವರಿಂದ ಸಿಕ್ಕಿತು. ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ಹಿಂದೂಸ್ತಾನಿಯ ಮೊದಲ ಪಾಠ ಹೇಳಿದ ಗ್ವಾಲಿಯರ್ ಪರಂಪರೆಯ ಗಾಯಕರು ಇವರು. ಹೀಗೆ ಎರಡೂ ಪದ್ಧತಿ ಕರಗತವಾಗಿ ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಮಿರಜ್ ಎಂಬ ಊರಿನ ಹೆಸರು ಬಂದಾಗ ಇನ್ನೊಬ್ಬರನ್ನು ನೆನೆಯಬೇಕು. ಬಾಲ್ಯದಲ್ಲಿ ಪಟಾಕಿ ಸಿಡಿದು ದೃಷ್ಟಿ ಮಂಜಾದ ಹುಡುಗ ವಿಷ್ಣು ದಿಗಂಬರ ಪಲುಸ್ಕರ್ ಅಲ್ಲಿಯೇ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತು, 1901ರಲ್ಲಿ ಲಾಹೋರ್‌ನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ನೀಲಕಂಠಬುವಾ ಕೂಡ ಅದೇ ಬಾಲಕೃಷ್ಣಬುವಾ ಅವರ ಶಿಷ್ಯರು. ರಾಜರ ಆಸ್ಥಾನ ಬಿಟ್ಟು ಜನರ ದುಡ್ಡಿನಲ್ಲಿ, ಜನರ ಮಕ್ಕಳಿಗೆ ಸಂಗೀತ ಕಲಿಸಬಹುದು ಎಂಬ ಯೋಚನೆ ಆ ಕಾಲದ ಗಾಳಿಯಲ್ಲೇ ಇತ್ತು. ಪಲುಸ್ಕರ್ ಅದಕ್ಕೆ ಕಟ್ಟಡ, ಪಠ್ಯಪುಸ್ತಕ, ಪರೀಕ್ಷೆಯ ರೂಪ ಕೊಟ್ಟರು. ಪಂಚಾಕ್ಷರಿ ಗವಾಯಿಗಳ ಹತ್ತಿರ ಕಟ್ಟಡವೇ ಇರಲಿಲ್ಲ. ಅವರ ಶಾಲೆ ಊರಿಂದೂರಿಗೆ ನಡೆಯುತ್ತಿತ್ತು.

ಈ ಸಂಚಾರಿ ಸಂಗೀತ ಶಾಲೆ 1914ರ ಸುಮಾರಿಗೆ ಶುರುವಾಯಿತು. ಗುರು, ಹತ್ತಾರು ಮಕ್ಕಳು, ಅವರಲ್ಲಿ ಹಲವರು ಅಂಧರು, ಒಂದಿಷ್ಟು ವಾದ್ಯ. ಊರಿನವರು ಇರಲು ಜಾಗ, ಉಣ್ಣಲು ಜೋಳ ಕೊಟ್ಟಷ್ಟು ದಿನ ಅಲ್ಲಿ ಪಾಠ. ಆಮೇಲೆ ಮುಂದಿನ ಊರು. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟಾಗ ಶಾಲೆ ನೆಲೆ ನಿಂತಿತು. ಅದೇ ಇಂದಿನ ವೀರೇಶ್ವರ ಪುಣ್ಯಾಶ್ರಮ.

ದೇವಗಿರಿಯ ಪುಟ್ಟಯ್ಯ ಈ ಬಳಗಕ್ಕೆ ಬಂದದ್ದು ಎಳೆಯ ವಯಸ್ಸಿನಲ್ಲಿ. ಚಿಕ್ಕಂದಿನಲ್ಲೇ ದೃಷ್ಟಿ ಹೋಗಿತ್ತು. ಸೋದರಮಾವನ ಮನೆಯಲ್ಲಿದ್ದ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿ ಬೆರಳಾಡಿಸುವುದನ್ನು ಕಂಡ ಮಾವ, ಅವನನ್ನು ಪಂಚಾಕ್ಷರಿ ಗವಾಯಿಗಳ ಹತ್ತಿರ ಬಿಟ್ಟರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಕೈಗೆ ಸಿಕ್ಕ ವಾದ್ಯಗಳನ್ನೆಲ್ಲ ಹುಡುಗ ಕಲಿತ. ಹಿಂದೂಸ್ತಾನಿ, ಕರ್ನಾಟಕ ಎರಡೂ ಗಾಯನ ಕಲಿತ. ಜೊತೆಗೆ ಸಂಸ್ಕೃತ, ಹಿಂದಿ, ಛಂದಸ್ಸು. 1944ರ ಜೂನ್ 11ರಂದು ಗುರು ಲಿಂಗೈಕ್ಯರಾದಾಗ ಆಶ್ರಮದ ಭಾರ 30 ವರ್ಷದ ಪುಟ್ಟರಾಜರ ಹೆಗಲಿಗೆ ಬಂತು. ಮುಂದಿನ 66 ವರ್ಷ ಆ ಭಾರ ಇಳಿಯಲಿಲ್ಲ.

ಅವರು ಮಾಡಿದ ಕೆಲಸ ಅರ್ಥವಾಗಬೇಕಾದರೆ ಉತ್ತರ ಕರ್ನಾಟಕದ ಒಂದು ಶ್ರಾವಣದ ಸಂಜೆಯನ್ನು ಹತ್ತಿರದಿಂದ ನೋಡಬೇಕು. ಊರಿನ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ತಿಂಗಳಿಡೀ ಪುರಾಣ ನಡೆಯುತ್ತದೆ. ಹೊಲದ ಕೆಲಸ ಮುಗಿಸಿ, ಉಂಡು, ಜನ ಬಂದು ಕೂರುತ್ತಾರೆ. ವೇದಿಕೆಯ ಮೇಲೆ ಮೂವರು: ಅರ್ಥ ಹೇಳುವ ಪ್ರವಚನಕಾರರು, ಪದ್ಯ ಹಾಡುವ ಗವಾಯಿಗಳು, ತಬಲಾ ಸಾಥ್‌ನವರು. ಗವಾಯಿಗಳು ಹಾರ್ಮೋನಿಯಂ ಹಿಡಿದು ಒಂದು ಷಟ್ಪದಿ ಹಾಡುತ್ತಾರೆ. ಪ್ರವಚನಕಾರರು ಅದನ್ನು ಬಿಡಿಸಿ, ಕಥೆ ಬೆಳೆಸಿ, ಊರಿನ ಉದಾಹರಣೆ ಕೊಟ್ಟು ನಗಿಸಿ, ಮತ್ತೆ ಹಾಡಿನ ಕೈಗೆ ಒಪ್ಪಿಸುತ್ತಾರೆ. ಕೊನೆಯ ದಿನ ಪುರಾಣ ಮಂಗಲ, ಊರಿಗೆಲ್ಲ ಊಟ.

ಇಲ್ಲಿ ಹಾಡುವವರ ಕೆಲಸ ಸುಲಭದ್ದಲ್ಲ. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಅದರ 1, 2, 4, 5ನೇ ಸಾಲುಗಳಲ್ಲಿ 3 ಮತ್ತು 4 ಮಾತ್ರೆಯ ಗಣಗಳು ಎರಡು ಸಲ ಬಂದು 14 ಮಾತ್ರೆಯಾಗುತ್ತದೆ. ಹಿಂದೂಸ್ತಾನಿಯ 7 ಮಾತ್ರೆಯ ರೂಪಕಕ್ಕೆ ಎರಡು ಆವರ್ತ, 14 ಮಾತ್ರೆಯ ದೀಪಚಂದಿಗೆ ಒಂದು ಆವರ್ತ. ಸಾಲು ತಾಳದೊಳಗೆ ತಾನೇ ಹೋಗಿ ಕೂರುತ್ತದೆ. ಕಷ್ಟ ಬರುವುದು 3 ಮತ್ತು 6ನೇ ಸಾಲಿನಲ್ಲಿ. ಅಲ್ಲಿ 3 ಮತ್ತು 4ರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23 ಮಾತ್ರೆ. ತಾಳಕ್ಕೆ 28 ಬೇಕು. ಉಳಿದ 5 ಮಾತ್ರೆಯ ಆ ಸಂದಿನಲ್ಲೇ ಗವಾಯಿಯ ಹೆಚ್ಚುಗಾರಿಕೆ ಗೊತ್ತಾಗುವುದು. ಕೊನೆಯ ಅಕ್ಷರವನ್ನು ಎಳೆದು ಸಣ್ಣದೊಂದು ತಾನ್ ಹಾಕಬೇಕೆ, ಹಾರ್ಮೋನಿಯಂಗೆ ಬಿಟ್ಟುಕೊಡಬೇಕೆ, ತಬಲಾದವನಿಗೆ ಒಂದು ತುಣುಕು ನುಡಿಸಲು ಹೇಳಬೇಕೆ? ಅದೂ ಮುಂದಿನ ಪದದ ಅರ್ಥ ಕೆಡದಂತೆ. ಗಣವೆಲ್ಲ 5 ಮಾತ್ರೆಯಾಗಿರುವ ವಾರ್ಧಕ ಷಟ್ಪದಿ ಬಂದರೆ ಲೆಕ್ಕ ಬದಲಾಗಿ ಝಪತಾಲ ಒದಗುತ್ತದೆ. ರಾಗವೂ ಪ್ರಸಂಗಕ್ಕೆ ತಕ್ಕಂತೆ ಬದಲಾಗಬೇಕು. ಕಣ್ಣಿದ್ದವರಿಗೆ ಎದುರಿಗೆ ಪುಸ್ತಕ ಇರುತ್ತದೆ. ಕಣ್ಣಿಲ್ಲದ ಗವಾಯಿಗೆ ಇಡೀ ಪುರಾಣ ಬಾಯಲ್ಲೇ ಇರಬೇಕು.

ಪುಟ್ಟರಾಜರು ಇಂಥ ವೇದಿಕೆಗೆ ಬೇಕಾದ ಪುರಾಣಗಳನ್ನು ತಾವೇ ಬರೆದರು. ಅವರ ಪಾಂಡಿತ್ಯವನ್ನು ಅಳೆಯುವಾಗ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಕೃತಿ ರಚಿಸಿದರು, ಹಿಂದಿಯಲ್ಲಿ ಬಸವಪುರಾಣ ಬರೆದರು ಎಂದು ಹೇಳಿ ಮುಗಿಸುವುದು ವಾಡಿಕೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರ ಪುರಾಣಗಳಿಗೆ ದೊಡ್ಡ ಜಾಗ ಸಿಕ್ಕಿಲ್ಲ. 20ನೇ ಶತಮಾನದಲ್ಲಿ ಷಟ್ಪದಿ ಬರೆಯುವುದು ಹಳೆಯ ಕಾಲದ ಹವ್ಯಾಸ ಎಂದು ನವೋದಯದ, ನವ್ಯದ ಓದುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಪುರಾಣಗಳನ್ನು ಮನೆಯಲ್ಲಿ ಒಬ್ಬರೇ ಕೂತು ಓದುವವರಿಗಾಗಿ ಬರೆದದ್ದಲ್ಲ. ಬರೆಯುವವರೇ ಹಾಡುಗಾರರು, ಯಾವ ಅಕ್ಷರ ಎಳೆದರೆ ಕಂಠಕ್ಕೆ ಹಿತ, ಎಲ್ಲಿ ಉಸಿರು ತೆಗೆದುಕೊಳ್ಳಬಹುದು, ಎಲ್ಲಿ ತಬಲಾಕ್ಕೆ ಜಾಗ ಬೇಕು ಎಂಬುದೆಲ್ಲ ಗೊತ್ತಿದ್ದು ಬರೆದದ್ದು. ಸಾವಿರಾರು ಜನ ಅಕ್ಷರ ಬರದಿದ್ದರೂ ಈ ಕಾವ್ಯವನ್ನು ಕೇಳಿದ್ದಾರೆ. 14ನೇ ಶತಮಾನದಲ್ಲಿ ಬಸವಪುರಾಣ ಬರೆದ ಭೀಮಕವಿಯಿಂದ ಹಿಡಿದು ಬಂದ ಈ ಷಟ್ಪದಿಯ ಹಾದಿ ನಮ್ಮ ಕಾಲದಲ್ಲೂ ಹಾಡಿನ ರೂಪದಲ್ಲಿ ಜೀವಂತವಾಗಿ ಉಳಿದಿರುವುದಕ್ಕೆ ಗದಗಿನ ಕೊಡುಗೆ ದೊಡ್ಡದು.

ವಚನಗಳ ಮಾತೇ ಬೇರೆ. ಅವುಗಳಲ್ಲಿ ಷಟ್ಪದಿಯಂತೆ ಗಣದ ಲೆಕ್ಕವಿಲ್ಲ. ಒಂದು ಸಾಲು ಮೂರು ಪದಕ್ಕೆ ನಿಂತರೆ ಇನ್ನೊಂದು ಹತ್ತು ಪದಕ್ಕೆ ಹರಿಯುತ್ತದೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರತಂದ ಮೇಲೆ ವಚನಗಳು ಓದುಗರ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದವು. ಅವು ಮನೆಮನೆಯ ಕಿವಿಗೆ ಬಿದ್ದದ್ದು ಹಿಂದೂಸ್ತಾನಿ ಗಾಯಕರ ಮೂಲಕ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಹಾಡಿದ ವಚನಗಳನ್ನು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಊರೂರಿಗೆ ತಲುಪಿಸಿತು. ಗದ್ಯವನ್ನು ತೀನ್‌ತಾಲಕ್ಕೋ ಕೆಹರ್ವಾಕ್ಕೋ ಕೂರಿಸುವಾಗ ಗಾಯಕರು ಕಂಡುಕೊಂಡ ಉಪಾಯ ಚೆಂದದ್ದು. ಮೊದಲ ಸಾಲನ್ನು ಸ್ಥಾಯಿ ಮಾಡಿಕೊಳ್ಳುವುದು, ಉದ್ದದ ಸಾಲುಗಳನ್ನು ಮಾತಿನ ಓಟಕ್ಕೇ ಬಿಟ್ಟು ಹಾಡುವುದು, ಕೂಡಲಸಂಗಮದೇವನೋ ಚೆನ್ನಮಲ್ಲಿಕಾರ್ಜುನನೋ ಆ ಅಂಕಿತ ಬಂದಾಗ ಸರಿಯಾಗಿ ಸಮಕ್ಕೆ ಬಂದು ಇಳಿಯುವುದು. ಕೇಳುವವರ ತಲೆ ತಾನಾಗಿ ತೂಗುವುದು ಅಲ್ಲಿಯೇ. ಈ ಹದ ಪುಣ್ಯಾಶ್ರಮದ ಮಕ್ಕಳಿಗೆ ದಿನನಿತ್ಯದ ಪಾಠ.

ರಾಜಗುರು ಇದೇ ಶಾಲೆಯ ಹುಡುಗ. ಯಲಿವಾಳದಿಂದ ಬಂದು ಪಂಚಾಕ್ಷರಿ ಗವಾಯಿಗಳ ಬಳಿ ವರ್ಷಗಟ್ಟಲೆ ಕಲಿತರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ಈ ಹುಡುಗ ಹಾಡಿದ. ತಬಲಾಕ್ಕೆ ಕೂತವರು ಸ್ವತಃ ಗುರುಗಳು. ಹಿಂದೂಸ್ತಾನಿ ಜಗತ್ತಿನಲ್ಲಿ ಮುಖ್ಯ ಗಾಯಕರಾದ ಗುರು ಶಿಷ್ಯನಿಗೆ ಸಾಥ್ ಕೊಡಲು ಕೂರುವುದು ಸಣ್ಣ ಮಾತಲ್ಲ. ಆ ಶಾಲೆಯಲ್ಲಿ ವಾದ್ಯಕ್ಕೆ ಮೇಲು ಕೀಳೆಂಬುದಿರಲಿಲ್ಲ.

ಹಾರ್ಮೋನಿಯಂ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಸ್ವರಗಳ ನಡುವಿನ ಜಾರು, ಮೀಂಡ್ ಇದರಲ್ಲಿ ಬರುವುದಿಲ್ಲ, ಇದು ವಿದೇಶಿ ಪೆಟ್ಟಿಗೆ ಎಂದು ದೂರಿ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಿದ್ದು 1971ರ ಹೊತ್ತಿಗೆ. ಆ ಮೂರು ದಶಕಗಳ ಕಾಲ ಗದಗಿನ ಆಶ್ರಮದಲ್ಲಿ ಹಾರ್ಮೋನಿಯಂ ಪಾಠ ನಿಂತಿರಲಿಲ್ಲ. ಕಾರಣ ಸರಳ. ಅಂಧ ಹುಡುಗ ಊರಿಗೆ ಮರಳಿ ಭಜನೆಗೆ, ಪುರಾಣಕ್ಕೆ, ನಾಟಕಕ್ಕೆ, ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸಿದರೆ ಅವನಿಗೆ ಸಂಬಳ ಸಿಗುತ್ತಿತ್ತು. ಸಂಗೀತದ ಶುದ್ಧಿಯ ವಾದ ದೊಡ್ಡದೇ. ಆದರೆ ಗವಾಯಿಗಳು ಹುಡುಗನ ಅನ್ನದ ಪ್ರಶ್ನೆಯನ್ನು ಮುಂದಿಟ್ಟರು, ಮತ್ತು ಅವರು ಮಾಡಿದ್ದು ಸರಿ.

ಅನ್ನದ ಪ್ರಶ್ನೆಯೇ ಅವರನ್ನು ನಾಟಕ ಕಂಪನಿಗೂ ಕರೆದೊಯ್ದಿತು. ನೂರಾರು ಬಾಯಿಗಳಿಗೆ ಎರಡು ಹೊತ್ತು ಊಟ ಹಾಕುವುದು ಜೋಳಿಗೆಯೊಂದರಿಂದ ಆಗದು. ಗದಗು ಆಗಲೇ ನಾಟಕದ ಊರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲಿಂದಲೇ ಹೆಸರು ಮಾಡಿತ್ತು. ಆಶ್ರಮವೂ ‘ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ’ ಕಟ್ಟಿತು. ಶರಣರ, ಶಿವಭಕ್ತರ ಕಥೆಗಳನ್ನು ಪುಟ್ಟರಾಜರು ನಾಟಕ ಮಾಡಿ ಬರೆದರು, ಹಾಡು ಹೊಸೆದರು, ಮಟ್ಟು ಹಾಕಿದರು. ಊರಿಂದೂರಿಗೆ ಕ್ಯಾಂಪು, ಗಲ್ಲಾಪೆಟ್ಟಿಗೆಯ ಹಣ ಆಶ್ರಮದ ದಾಸೋಹಕ್ಕೆ. ಕಂಪನಿಯ ಕಾಲುಪೇಟಿ ನುಡಿಸಿದ ಹುಡುಗ, ತಬಲಾ ಬಾರಿಸಿದ ಹುಡುಗ, ರಂಗಗೀತೆ ಹಾಡಿದ ಹುಡುಗ ಎಲ್ಲರಿಗೂ ಅದೇ ತರಬೇತಿ, ಅದೇ ದುಡಿಮೆ.

ಮಠದ ಪೀಠದಲ್ಲಿ ಕೂತವರು ನಾಟಕ ಕಂಪನಿ ನಡೆಸುವುದು ಎಷ್ಟು ದಿಟ್ಟ ನಡೆ ಎಂಬುದು ಬೇರೊಂದು ಧರ್ಮದ ಪ್ರಾರ್ಥನಾ ಗಾಯಕರ ಕಥೆ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಯಹೂದಿಗಳ ಸಿನಗಾಗ್‌ನಲ್ಲಿ ಪ್ರಾರ್ಥನೆಯನ್ನು ಹಾಡಿ ನಡೆಸುವವರನ್ನು ಹಝಾನ್ ಎನ್ನುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಅವರಲ್ಲಿ ಅತ್ಯಂತ ಪ್ರಸಿದ್ಧರಾದ ಯೋಸೆಲೆ ರೋಸೆನ್‌ಬ್ಲಾಟ್ ಅವರಿಗೆ 1918ರಲ್ಲಿ ಷಿಕಾಗೋ ಒಪೇರಾದಿಂದ ದೊಡ್ಡ ಮೊತ್ತದ ಕರೆ ಬಂತು. ದೇವರ ಮುಂದೆ ಹಾಡುವ ಕಂಠ ರಂಗದ ಮೇಲೆ ವೇಷ ಕಟ್ಟಿ ಹಾಡುವುದು ಸಲ್ಲದು ಎಂದು ಅವರು ಒಲ್ಲೆನೆಂದರು. ಕೆಲವು ವರ್ಷಗಳಲ್ಲಿ ಒಂದು ಪತ್ರಿಕೆಗೆ ಹಣ ಹಾಕಿ ದಿವಾಳಿಯಾದಾಗ, ಸಾಲ ತೀರಿಸಲು ಅಮೆರಿಕದ ವಾಡೆವಿಲ್ ರಂಗಮಂದಿರಗಳಲ್ಲಿ ಊರೂರು ತಿರುಗಿ ಹಾಡಬೇಕಾಯಿತು. ವೇಷ ಹಾಕಲಿಲ್ಲ, ಸಬ್ಬತ್ ದಿನ ಹಾಡಲಿಲ್ಲ. ತಮ್ಮ ನೇಮ ಉಳಿಸಿಕೊಂಡೇ ದುಡಿದರು. ಅವರ ಇಕ್ಕಟ್ಟನ್ನು ಹಗುರವಾಗಿ ಕಾಣುವಂತಿಲ್ಲ. ಗದಗಿನಲ್ಲಿ ಮಾತ್ರ ಆ ಇಕ್ಕಟ್ಟೇ ಹುಟ್ಟಲಿಲ್ಲ. ರಂಗದ ಮೇಲೂ ಅದೇ ಶರಣರ ಕಥೆ, ಅದೇ ರಾಗ, ಬಂದ ಹಣ ಅದೇ ಮಕ್ಕಳ ಊಟಕ್ಕೆ. ಪೂಜೆಗೂ ನಾಟಕಕ್ಕೂ ನಡುವೆ ಗೋಡೆ ಕಟ್ಟುವ ಅಗತ್ಯ ಗವಾಯಿಗಳಿಗೆ ಕಾಣಲಿಲ್ಲ.

ಶಿಕ್ಷಣದ ವಿಷಯದಲ್ಲಿ ಎರಡೂ ಕಡೆಯ ದಾರಿ ಮೊದಲು ಒಂದೇ ಆಗಿತ್ತು. ಪೂರ್ವ ಯುರೋಪಿನ ಊರುಗಳಲ್ಲಿ ಹುಡುಗರು ಹಝಾನ್‌ರ ಜೊತೆಗೇ ಇದ್ದು, ಅವರ ಹಿಂದೆ ಮೇಳದಲ್ಲಿ ಹಾಡುತ್ತ ಕಲಿಯುತ್ತಿದ್ದರು. ಸಿನಗಾಗ್‌ನಲ್ಲಿ ಓದುವ ತೋರಾ ಸುರುಳಿಯಲ್ಲಿ ವ್ಯಂಜನಗಳಷ್ಟೇ ಇರುತ್ತವೆ. ಸ್ವರ ಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಅದೆಲ್ಲ ಓದುವವರ ನೆನಪಿನಲ್ಲಿರಬೇಕು. ಅಮೆರಿಕದಲ್ಲಿ ಇದಕ್ಕೆ ಕಾಲೇಜು ರೂಪ ಬಂದದ್ದು ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಯಹೂದಿ ಸಮುದಾಯಗಳೇ ನಾಶವಾದ ಮೇಲೆ, ಗುರುವಿನ ಮನೆಗಳೇ ಇಲ್ಲವಾದ ಮೇಲೆ. ಹೀಬ್ರೂ ಯೂನಿಯನ್ ಕಾಲೇಜು ನ್ಯೂಯಾರ್ಕ್‌ನಲ್ಲಿ ಪವಿತ್ರ ಸಂಗೀತದ ಶಾಲೆ ತೆರೆದದ್ದು 1948ರಲ್ಲಿ. ಗದಗಿನಲ್ಲಿ ಗುರುಕುಲ ಕೆಡಲಿಲ್ಲ. ಅದರ ಪಕ್ಕದಲ್ಲೇ ಶಾಲೆ, ಸಂಗೀತ ಕಾಲೇಜು, ಪರೀಕ್ಷೆ, ಪದವಿ ಎಲ್ಲವೂ ಬಂದು ಸೇರಿಕೊಂಡವು.

ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ರೀತಿಯನ್ನೂ ನೋಡಬೇಕು. ತಬಲಾ ಕಲಿಸುವಾಗ ಗುರು ಶಿಷ್ಯನ ಕೈ ಮೇಲೆ ತಮ್ಮ ಕೈ ಇಟ್ಟು ‘ನಾ’ ಎಲ್ಲಿ, ‘ತಿನ್’ ಎಲ್ಲಿ, ಯಾವ ಬೆರಳು ಎತ್ತಬೇಕು, ಯಾವುದು ಚರ್ಮಕ್ಕೆ ತಾಗಿಯೇ ಇರಬೇಕು ಎಂದು ತೋರಿಸಬೇಕಾಗುತ್ತದೆ. ಬೋಲು ಮೊದಲು ಬಾಯಿಗೆ, ಆಮೇಲೆ ಬೆರಳಿಗೆ. ಹಾರ್ಮೋನಿಯಂನಲ್ಲಿ ಕಪ್ಪು ಮನೆಗಳ ಎರಡು–ಮೂರರ ಗುಂಪು ಬೆರಳಿಗೆ ದಾರಿ ತೋರಿಸುತ್ತದೆ. ಬೆಳಗಿನ ಜಾವವೇ ಎದ್ದು ಷಡ್ಜ ಸಾಧನೆ. ಒಬ್ಬ ಹಾಡಿದ ತಪ್ಪನ್ನು ಇನ್ನೊಬ್ಬ ದೂರದಿಂದಲೇ ಹಿಡಿಯುತ್ತಾನೆ. ಕಣ್ಣಿದ್ದ ಮಕ್ಕಳೂ ಅದೇ ಸಾಲಿನಲ್ಲಿ ಕೂತು ಅದೇ ಕ್ರಮದಲ್ಲಿ ಕಲಿಯುತ್ತಾರೆ. ಜಾತಿ, ಮತ ಕೇಳದೆ ಊಟ, ವಸತಿ, ಪಾಠ ಎಲ್ಲವೂ ಉಚಿತ.

ಪುಟ್ಟರಾಜರು ಬ್ರೈಲ್ ಲಿಪಿಯನ್ನೂ ಕೈವಶ ಮಾಡಿಕೊಂಡು ಭಗವದ್ಗೀತೆಯನ್ನು ಅದಕ್ಕೆ ಇಳಿಸಿದರು. ಈ ಲಿಪಿಗೂ ಪ್ರಾರ್ಥನಾ ಸಂಗೀತಕ್ಕೂ ಹುಟ್ಟಿನಿಂದಲೇ ನಂಟಿದೆ. ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅವರು ಪ್ರಕಟಿಸಿದ ಮೊದಲ ಪುಸ್ತಕ ಅಕ್ಷರಗಳನ್ನಷ್ಟೇ ಅಲ್ಲ, ಸಂಗೀತವನ್ನೂ ಚರ್ಚಿನ ಸರಳ ಗೀತೆಗಳನ್ನೂ ಚುಕ್ಕಿಗಳಲ್ಲಿ ಬರೆಯುವ ವಿಧಾನ ಹೇಳಿಕೊಟ್ಟಿತು. ಅಂಧರಿಗೆ ದುಡಿಮೆಯ ದಾರಿ ಆಗ ಅಲ್ಲಿಯೂ ಸಂಗೀತವೇ.

ಇಂದು ದಾರಿಗಳು ಹೆಚ್ಚಿವೆ. ಜೆ.ಪಿ. ನಗರದಲ್ಲಿ 1969ರಿಂದ ನಡೆಯುತ್ತಿರುವ ರಮಣ ಮಹರ್ಷಿ ಅಂಧರ ಅಕಾಡೆಮಿಯ ಮಕ್ಕಳು ಭರತನಾಟ್ಯ ಆಡುತ್ತಾರೆ. ಮಾತಾಡುವ ತಂತ್ರಾಂಶ ಬಳಸಿ ಬ್ಯಾಂಕು, ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ದೃಷ್ಟಿಹೀನರು ಬೆಂಗಳೂರಿಗೆ ಹೊಸಬರಲ್ಲ. ಕಣ್ಣಿಲ್ಲದವರೆಂದರೆ ಹಾಡಲೇಬೇಕು ಎಂಬ ಕಾಲ ಹೋದದ್ದು ಒಳ್ಳೆಯದು. ಆದರೆ 1914ರ ಹಾವೇರಿ ಸೀಮೆಯ ಬಡ ಮನೆಯಲ್ಲಿ ಹುಟ್ಟಿದ ಅಂಧ ಮಗುವಿನ ಎದುರು ಭಿಕ್ಷೆ ಬಿಟ್ಟರೆ ಬೇರೆ ದಾರಿ ಕಡಿಮೆ. ಅದೇ ಹಾಡುವ ಬಾಯಿಗೆ ಶಾಸ್ತ್ರದ ಶಿಕ್ಷಣ ಕೊಟ್ಟು, ಭಿಕ್ಷೆಯ ಹಾಡನ್ನು ಗೌರವದ ವೃತ್ತಿಯಾಗಿ ಮಾಡಿದ್ದು ಈ ಗುರು ಶಿಷ್ಯರ ದೊಡ್ಡ ಕೆಲಸ.

ಪ್ರಸಿದ್ಧರ ಹೆಸರು ಹೇಳುವುದು ಸುಲಭ. ಬಳ್ಳಾರಿ ಕಡೆಯ ಹುಡುಗ ವೆಂಕಟೇಶಕುಮಾರನನ್ನು ಸೋದರಮಾವ, ತೊಗಲುಗೊಂಬೆ ಕಲಾವಿದ 
ಬೆಳಗಲ್ಲು ವೀರಣ್ಣ ಆಶ್ರಮಕ್ಕೆ ತಂದು ಬಿಟ್ಟರು. ಸುಮಾರು 12 ವರ್ಷ ಪುಟ್ಟರಾಜರ ಬಳಿ ಕಲಿತು, ಧಾರವಾಡದಲ್ಲಿ ಸಂಗೀತದ ಮೇಷ್ಟರಾಗಿ, ಇಂದು ದೇಶದ ದೊಡ್ಡ ಖಯಾಲ್ ಗಾಯಕರಲ್ಲಿ ಒಬ್ಬರಾಗಿದ್ದಾರೆ. 2016ರಲ್ಲಿ ಪದ್ಮಶ್ರೀ ಬಂತು. ದಾಸರ ಪದ, ವಚನ ಹಾಡುವಾಗ ಅವರ ಮಾತಿನ ಸ್ಪಷ್ಟತೆ ಕೇಳಿದವರಿಗೆ ಪುರಾಣದ ವೇದಿಕೆಯ ಪಳಗಿಕೆ ತಿಳಿಯುತ್ತದೆ. ಅಲ್ಲಿ ಕೊನೆಯ ಸಾಲಿನ ಅಜ್ಜಿಗೂ ಪದ ಕೇಳಿಸಬೇಕು.

ಆದರೆ ಆಶ್ರಮದ ನಿಜವಾದ ಲೆಕ್ಕ ಹೆಸರಿಲ್ಲದವರದ್ದು. ತಾಲ್ಲೂಕು ಊರುಗಳ ಸಂಗೀತ ಮೇಷ್ಟರು, ಮಠಗಳ ಪುರಾಣದ ಗವಾಯಿಗಳು, ಭಜನಾ ಮಂಡಳಿಯ ತಬಲಾ ವಾದಕರು, ನಾಟಕದ ಪೇಟಿ ಮಾಸ್ತರರು. ಸಂಗೀತ ಸಭೆಗಳ ಕರಪತ್ರದಲ್ಲಿ ಇವರ ಹೆಸರು ಬರುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಭೀಮಪಲಾಸ ಯಾವುದು, ಭೈರವಿ ಯಾವುದು ಎಂದು ಗುರುತಿಸುವ ರೈತರು ಸಿಗುತ್ತಾರೆಂದರೆ ಅದರ ಹಿಂದೆ ಇಂಥವರ ದುಡಿಮೆ ಇದೆ. ಇದೇ ಗದಗಿನಿಂದ 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಉತ್ತರಕ್ಕೆ ಓಡಿದ್ದ. ಓಡಲಾಗದ, ಕಣ್ಣೂ ಇಲ್ಲದ, ರೈಲಿನ ದಾರಿ ಗೊತ್ತಿಲ್ಲದ ಮಕ್ಕಳಿಗೆ ಗುರುವೇ ಊರಿಗೆ ಬರಬೇಕಿತ್ತು.

ಜನ ಈ ಋಣವನ್ನು ತಮ್ಮದೇ ರೀತಿಯಲ್ಲಿ ತೀರಿಸಿದರು. ಊರೂರಲ್ಲಿ ಅಜ್ಜನವರಿಗೆ ತುಲಾಭಾರ: ತಕ್ಕಡಿಯ ಒಂದು ಕಡೆ ಅವರು, ಇನ್ನೊಂದು ಕಡೆ ನಾಣ್ಯ. ಬಂದದ್ದೆಲ್ಲ ಆಶ್ರಮದ ಅಡುಗೆಮನೆಗೆ, ಮಕ್ಕಳ ಓದಿಗೆ. ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಬದುಕಿನ ಮೇಲೆ ಚಿಂದೋಡಿ ಬಂಗಾರೇಶ ಸಿನಿಮಾ ಮಾಡಿದರು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ದಕ್ಷಿಣ ಕರ್ನಾಟಕದ ಬಹಳ ಮನೆಗಳಿಗೆ ಗವಾಯಿಗಳ ಹೆಸರು ತಲುಪಿದ್ದು ಆ ಕ್ಯಾಸೆಟ್ಟಿನಿಂದಲೇ. ಪುಟ್ಟರಾಜರು ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಆಶ್ರಮದ ಆವರಣದಲ್ಲೇ ಸಮಾಧಿಯಾಯಿತು. ಈಗ ಕಲ್ಲಯ್ಯಜ್ಜನವರ ನೇತೃತ್ವದಲ್ಲಿ ಪಾಠ, ದಾಸೋಹ ನಡೆದಿದೆ.

ಆಗಬೇಕಾದ ಕೆಲಸವೊಂದಿದೆ. ಯಹೂದಿ ಪ್ರಾರ್ಥನಾ ಸಂಗೀತದ ಚರಿತ್ರೆಯಲ್ಲಿ ಅಬ್ರಹಾಂ ಝ್ವಿ ಇಡೆಲ್‌ಸೋನ್ ಎಂಬ ವಿದ್ವಾಂಸರಿದ್ದರು (1882–1938). ಲಾಟ್ವಿಯಾದಲ್ಲಿ ಹುಟ್ಟಿ, ಜರ್ಮನಿಯಲ್ಲೂ ದಕ್ಷಿಣ ಆಫ್ರಿಕದಲ್ಲೂ ಹಝಾನ್ ಆಗಿ ದುಡಿದು, ಜೆರುಸಲೇಮಿಗೆ ಹೋಗಿ ಸಂಗೀತದ ಮೇಷ್ಟರಾದರು. ಯೆಮನ್, ಬಾಗ್ದಾದ್, ಪರ್ಷಿಯಾ, ಮೊರಾಕೊ ಹೀಗೆ ಬೇರೆ ಬೇರೆ ನಾಡಿನ ಯಹೂದಿಗಳು ಅಲ್ಲಿ ಒಂದೇ ಊರಿನಲ್ಲಿ ಸಿಕ್ಕಿದರು. 1911ರಿಂದ 1913ರವರೆಗೆ ವಿಯೆನ್ನಾದ ಧ್ವನಿ ಸಂಗ್ರಹಾಲಯದ ನೆರವಿನಿಂದ ಫೋನೋಗ್ರಾಫ್ ಹಿಡಿದು ಅವರ ಪ್ರಾರ್ಥನೆಗಳನ್ನು ಮುದ್ರಿಸಿಕೊಂಡರು. ಕೂತು ಸ್ವರಲಿಪಿ ಮಾಡಿದರು. 1914ರಿಂದ 1932ರವರೆಗೆ ಅದು 10 ಸಂಪುಟಗಳಾಗಿ ಹೊರಬಂತು. ನಮ್ಮ ಮದುವೆ ಬ್ಯಾಂಡುಗಳಿಗೂ ಗೊತ್ತಿರುವ ‘ಹಾವಾ ನಗೀಲಾ’ ಮಟ್ಟು ಜಗತ್ತಿಗೆ ತಿಳಿದದ್ದೂ ಅವರ ಸಂಗ್ರಹದಿಂದಲೇ. ಮುಂದೆ ಅವರು ಅಮೆರಿಕದ ಸಿನ್ಸಿನಾಟಿಯಲ್ಲಿ ಪ್ರಾಧ್ಯಾಪಕರಾಗಿ ಇದೇ ವಿಷಯ ಕಲಿಸಿದರು. ಅವರು ಮುದ್ರಿಸಿಕೊಂಡ ಸಮುದಾಯಗಳಲ್ಲಿ ಹಲವು ಇಂದು ತಮ್ಮ ಹಳೆಯ ನಾಡಿನಲ್ಲಿಲ್ಲ. ಅವರ ದನಿ ಉಳಿದಿದೆ.

ಉತ್ತರ ಕರ್ನಾಟಕದ ಪುರಾಣ ಗಾಯನಕ್ಕೂ ಹೀಗೊಂದು ಸಂಗ್ರಹ ಬೇಕು. ಒಂದೇ ಭಾಮಿನಿ ಷಟ್ಪದಿಯನ್ನು ಹಾನಗಲ್ಲ ಸೀಮೆಯಲ್ಲಿ, ರಾಯಚೂರಿನಲ್ಲಿ, ಕಲಬುರ್ಗಿಯಲ್ಲಿ ಹೇಗೆ ಹೇಗೆ ಹಾಡುತ್ತಾರೆ? ಆ 5 ಮಾತ್ರೆಯ ಸಂದನ್ನು ಯಾವ ಗವಾಯಿ ಹೇಗೆ ತುಂಬುತ್ತಾರೆ? ಪುಟ್ಟರಾಜರು ತಮ್ಮ ಪುರಾಣಗಳಿಗೆ ಹಾಕಿಕೊಟ್ಟ ಮಟ್ಟುಗಳಲ್ಲಿ ಯಾವುವು ಶಿಷ್ಯರ ಬಾಯಲ್ಲಿ ಹಾಗೆಯೇ ಉಳಿದಿವೆ, ಯಾವುವು ಸಿನಿಮಾ ಧಾಟಿಗೆ ತಿರುಗಿವೆ? ನಾಟ್ಯ ಸಂಘದ ರಂಗಗೀತೆಗಳನ್ನು ನೆನಪಿಟ್ಟವರು ಎಲ್ಲೆಲ್ಲಿದ್ದಾರೆ? ಪುಟ್ಟರಾಜರ ಹತ್ತಿರ ನೇರವಾಗಿ ಕಲಿತವರಲ್ಲಿ ಹಿರಿಯರು ಈಗ ಎಪ್ಪತ್ತು, ಎಂಬತ್ತು ದಾಟಿದವರು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಆಕಾಶವಾಣಿ ಮೂರಕ್ಕೂ ಇದಕ್ಕೆ ಬೇಕಾದ ಜನ, ಯಂತ್ರ, ಜಾಗ ಇದೆ. ಗದಗಿನ ಆಶ್ರಮದಲ್ಲಿ ಹಾಡುವವರಿದ್ದಾರೆ. ಬರುವ ಶ್ರಾವಣಕ್ಕೆ ಮುಂಚೆ ಯಾವ ಊರಿನಲ್ಲಿ ಯಾವ ಪುರಾಣ, ಗವಾಯಿ ಯಾರು ಎಂಬ ಪಟ್ಟಿ ಮಾಡಿಕೊಂಡರೆ ತಿಂಗಳಿಡೀ ರೆಕಾರ್ಡಿಂಗ್ ಮಾಡಬಹುದು.